ವರದಿಯಮ್ಮ ನೀರು ನೋಡುತ್ತ ನಿಂತ ನಲವತ್ತೈದು ನಿಮಿಷ

"ಸೂರ್ಯ ಬೇಕಾದರೆ ಒಂದು ದಿನ ತಡವಾಗಿ ಹುಟ್ಟಲಿ, ನನ್ನ ವರದಿ ಮಾತ್ರ ಒಂದು ನಿಮಿಷ ತಡ ಆಗಲ್ಲ," ಎಂದು ವರದಿಯಮ್ಮ ಹೇಳುತ್ತಿದ್ದಳು. ಹೇಳುತ್ತಿದ್ದುದೂ ಮೆಲ್ಲಗಲ್ಲ. ಪಂಪ್ ಸ್ಟೇಷನ್ನಿನ ನಾಲ್ಕು ಮೋಟಾರುಗಳು ಒಟ್ಟಿಗೆ ಗುಂಯ್ ಎನ್ನುತ್ತಿದ್ದರೂ ಆ ಮಾತು ಗೇಟಿನ ಕಾವಲುಗಾರನಿಗೆ ಕೇಳಿಸಿ, ಅವನು ತನ್ನ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದ. ಸೂರ್ಯನಿಗೂ ಎಲ್ಲೋ ಕಿವಿಗೆ ಬಿದ್ದಿರಬೇಕು. ಅವಳ ಮೇಜಿನ ಎದುರಿನ ಕಿಟಕಿಗೆ ಬರುವ ಮುನ್ನ ಮೋಡದ ಹಿಂದೆ ಒಂದು ಗಳಿಗೆ ನಿಂತು, ಉಸಿರು ಸರಿಮಾಡಿಕೊಂಡು, ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ ಎಂದು ನೋಡಿದವರೇ ಹೇಳುತ್ತಾರೆ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಒಬ್ಬಂಟಿಯಾಗಿ ವಾಸವಾಗಿತ್ತು. ಮಿಕ್ಕವರಿಗೆಲ್ಲ ಅವಳು ವರದಿಯಮ್ಮ. ಮೂವತ್ತೊಂದು ವರ್ಷದಿಂದ ಅವಳದು ಒಂದೇ ಕೆಲಸ: ನೆಲದಡಿಯ ಕೊಳವೆಯಲ್ಲಿ ಇನ್ನೂರು ಮೈಲಿ ಹರಿಯುವ ಡೀಸೆಲ್ಲಿನ ಬಗ್ಗೆ ಸರ್ಕಾರಕ್ಕೆ ಬರೆಯುವುದು. ಕೊಳವೆ ಎಷ್ಟು ಉದ್ದ, ಎಷ್ಟು ಹಳೆಯದು, ಎಲ್ಲಿ ತುಕ್ಕು ಹಿಡಿದಿದೆ ಎಂದು ವರ್ಷಕ್ಕೊಮ್ಮೆ ಬರೆಯಬೇಕು. ಒಂದು ತುಂಡು ಬದಲಾಯಿಸುವುದಿದ್ದರೆ ಎರಡು ತಿಂಗಳು ಮೊದಲೇ ತಿಳಿಸಬೇಕು. ಎಲ್ಲಾದರೂ ಎಣ್ಣೆ ಸೋರಿ ನೀರಿಗೆ ಸೇರಿತೋ, ಕಣ್ಣಿಗೆ ಬಿದ್ದ ಒಂದು ಗಂಟೆಯೊಳಗೆ ಸೂಚನಾ ಕೇಂದ್ರಕ್ಕೆ ಫೋನು. ನಲವತ್ತೆಂಟು ಗಂಟೆಯೊಳಗೆ ಮತ್ತೊಂದು ಫೋನು, ಲೆಕ್ಕ ತಿದ್ದಿ. ಮೂವತ್ತು ದಿನದೊಳಗೆ ಬರಹದ ವರದಿ. ಆ ವರದಿಯ ನಮೂನೆ ಎಷ್ಟು ಉದ್ದವೆಂದರೆ, ಮೊದಲ ಪುಟಕ್ಕೆ ಹಾಕಿದ ಮಸಿ ಕೊನೆಯ ಪುಟ ಮುಗಿಯುವ ಹೊತ್ತಿಗೆ ಮಾಸಿ ಹೋಗಿರುತ್ತಿತ್ತು. ಮತ್ತೆ ಮೊದಲಿಂದ ಬರೆಯಬೇಕಾಗುತ್ತಿತ್ತು.

ಈ ಕಾಗದಗಳ ಮೇಲೆ ಅವಳಿಗಿದ್ದ ಮಮತೆ ಕಂಡು ಅವಳ ಗಂಡ ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟದ್ದುಂಟು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಕೊರಳಿಗೆ ಟೇಪು ಹಾಕಿಕೊಂಡೇ ಹುಟ್ಟಿದವನಂತೆ ಇರುತ್ತಿದ್ದ.

"ನನ್ನ ಹತ್ರ ಕೊಟ್ಟ ಬಟ್ಟೆ ಎರಡು ತಿಂಗಳು ಬಿದ್ದಿರುತ್ತೆ, ಯಾರೂ ಸತ್ತಿಲ್ಲ ಕಣೇ," ಎನ್ನುತ್ತಿದ್ದ ಅವನು.

"ಅದಕ್ಕೇ ರೀ ನಿಮಗೆ ಸರ್ಕಾರ ಕೊಳವೆ ಕೊಟ್ಟಿಲ್ಲ, ಕತ್ತರಿ ಕೊಟ್ಟಿದೆ," ಎನ್ನುತ್ತಿದ್ದಳು ಅವಳು.

ಒಂದು ಗುಟ್ಟನ್ನು ಮಾತ್ರ ಅವಳು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ. ಅವಳ ಸ್ಟೇಷನ್ನಿನಲ್ಲಿ ಒಂದು ರೂಢಿಯಿತ್ತು. ಕೊಳವೆಯ ದಾರಿಯಲ್ಲಿ ಎಲ್ಲಾದರೂ ಮಣ್ಣು ಒದ್ದೆಯಾಗಿ ಕಂಡರೆ ದಿನಚರಿಯಲ್ಲಿ 'ತೇವ' ಎಂದು ಬರೆಯುವುದು. ತೇವಕ್ಕೆ ಗಡಿಯಾರವಿಲ್ಲ, ಫೋನಿಲ್ಲ, ನಮೂನೆಯಿಲ್ಲ. ಮ್ಯಾನೇಜರು ಹೋಗಿ, ಬಗ್ಗಿ, ಮುಟ್ಟಿ, ಹೂಂ ಎಂದ ಮೇಲೆಯೇ ತೇವವು ಸೋರಿಕೆಯಾಗುವುದು. ಗಂಟೆ ಶುರುವಾಗುವುದು ಅಲ್ಲಿಂದ. ಮ್ಯಾನೇಜರು ಕೆಲವು ಸಲ ಮಧ್ಯಾಹ್ನದ ನಿದ್ದೆ ಮುಗಿಸಿ ಹೋಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಮೂರು ಸಣ್ಣ ಸೋರಿಕೆಗಳಾಗಿದ್ದವು; ಮೂರೂ ಅರ್ಧರ್ಧ ದಿನ ತೇವವಾಗಿ ಸುಖವಾಗಿದ್ದು, ಆಮೇಲೆ ಸೋರಿಕೆಯಾಗಿ, ಐದೇ ನಿಮಿಷದಲ್ಲಿ ವರದಿಯಾಗಿದ್ದವು. ಬಯಲು ಜಾಗ, ಮಣ್ಣು ಕುಡಿದುಕೊಂಡಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆ ಪದ ಬರೆಯುವಾಗಲೆಲ್ಲ ಅವಳ ಲೇಖನಿ ಒಂದು ಸಲ ಕೆಮ್ಮುತ್ತಿತ್ತು.

ಇನ್ನು ಆ ಬೆಳಗಿನ ಮಾತು.

ಏಳು ಗಂಟೆಗೆ ಐದು ನಿಮಿಷ ಮೀರಿತ್ತು. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಕಾಲುವೆ, ಅದರ ಮೇಲೆ ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದಷ್ಟು ಕಿರಿದಾದ ಕಾಲುಸೇತುವೆ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ವರದಿಯಮ್ಮ ದಿನದಂತೆ ಸೇತುವೆಯ ನಡುವೆ ಬಂದು, ದಿನದಂತೆ ಗಡಿಯಾರ ನೋಡಿ, ಹಾಗೇ ಕಣ್ಣು ಕೆಳಗೆ ಹಾಯಿಸಿದಳು. ಕಾಲು ಅಲ್ಲೇ ನಿಂತಿತು.

ನೀರಿನ ಮೇಲೆ ಬಣ್ಣ ಮಲಗಿತ್ತು.

ಪಾರಿವಾಳದ ಕತ್ತಿನ ನೇರಳೆ ಒಂದು ಕಡೆ ಹೊರಳುತ್ತಿತ್ತು. ಅದು ಹೊರಳಿದ ಕಡೆ ಹಸಿರು ಏಳುತ್ತಿತ್ತು, ಹಸಿರಿನ ಅಂಚು ತಾಮ್ರವಾಗಿ, ತಾಮ್ರ ಮೆಲ್ಲಗೆ ಗುಲಾಬಿಯಾಗಿ, ಗುಲಾಬಿ ಯಾವುದೋ ಹೆಸರಿಲ್ಲದ ನೀಲಿಯೊಳಗೆ ಜಾರಿಹೋಗುತ್ತಿತ್ತು. ಜೊಂಡಿನ ಕಡ್ಡಿಯೊಂದು ಅಡ್ಡ ಬಂದರೆ ಬಣ್ಣವೆಲ್ಲ ದಾರಿ ಬಿಟ್ಟು, ಆಚೆ ಹೋಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಸದ್ದಿಲ್ಲ. ಅವಸರವಿಲ್ಲ. ಯಾರೋ ಮೇಲುಗಡೆ ಕೂತು ಮುಗಿಯದ ಒಂದು ಬಟ್ಟೆಯನ್ನು ನೀರಿಗೆ ಬಿಚ್ಚುತ್ತಲೇ ಇದ್ದಂತಿತ್ತು.

ಅವಳು ಕಂಬಿ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಸೇತುವೆಯೇ ನೀರಿನ ಎದುರು ದಿಕ್ಕಿಗೆ ತೇಲುತ್ತಿದೆ, ನೀರು ನಿಂತಿದೆ ಅನ್ನಿಸಿತು. ಹುಡುಗಿಯಾಗಿದ್ದಾಗ ಜ್ವರ ಬಂದು ಮಲಗಿದ್ದಾಗ ಗೋಡೆಯ ಮೇಲೆ ಕಂಡಿದ್ದ ಬೆಟ್ಟಗಳು ಅಲ್ಲಿ ಹಾದುಹೋದವು. ಸತ್ತುಹೋದ ಅಕ್ಕನ ಗಾಜಿನ ಓಲೆಯ ಹೊಳಪು ಹಾದುಹೋಯಿತು. ಅವಳು ಏನನ್ನೂ ಯೋಚಿಸಲಿಲ್ಲ. ವರದಿಯಮ್ಮ ಯೋಚಿಸದೆ ಇದ್ದಳು ಎಂದರೆ ಕಾಲುವೆಯ ಮೀನುಗಳೂ ನಂಬುವುದಿಲ್ಲ, ಆದರೆ ಆಗಿದ್ದು ಅದೇ. ಭುಜದಿಂದ ಚೀಲ ಜಾರಿ ಮೊಣಕೈಗೆ ಬಂದಿತ್ತು, ಅದೂ ಗೊತ್ತಾಗಲಿಲ್ಲ.

ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಇನ್ಯಾರೇ ಆಗಿದ್ದರೂ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಅವಳು ಮೂವತ್ತೊಂದು ವರ್ಷ ಡೀಸೆಲ್ ಉಸಿರಾಡಿದವಳು. ಅವಳ ಬಟ್ಟೆ, ಕೂದಲು, ತಲೆದಿಂಬು ಎಲ್ಲಕ್ಕೂ ಅದೇ ಗಂಧ. ಡೀಸೆಲ್ ವಾಸನೆ ಬಂದರೆ ಅವಳ ಮೂಗಿಗೆ ಏನೂ ಬರುತ್ತಿಲ್ಲ ಎಂದು ಅರ್ಥ. ಹಿಂದೊಮ್ಮೆ ರಜೆಯಲ್ಲಿ ನಾದಿನಿಯ ಊರಿಗೆ ಹೋಗಿ, ಹೂದೋಟದಲ್ಲಿ ನಿಂತು, "ಇಲ್ಲಿ ಗಾಳಿ ಏನೋ ಸರಿ ಇಲ್ಲ," ಎಂದಿದ್ದಳು.

"ಅಕ್ಕ, ಏನ್ ನೋಡ್ತಾ ಇದೀರ?"

ದಡದ ಮೇಲೆ ಲೈನ್ ನಡೆಯುವವನು ಸೈಕಲ್ ಹಿಡಿದು ನಿಂತಿದ್ದ. ಕೊಳವೆ ಹೂತಿರುವ ದಾರಿಯುದ್ದಕ್ಕೂ ದಿನಾ ನೋಡಿಕೊಂಡು ಹೋಗುವುದು ಅವನ ಕೆಲಸ. ಎಲ್ಲರೂ ಅವನನ್ನು ಉದ್ದಪ್ಪ ಎನ್ನುತ್ತಿದ್ದರು. ಅವನ ತಲೆಗೆ ಮಳೆ ಬಿದ್ದರೆ ಪಾದಕ್ಕೆ ಸುದ್ದಿ ಮುಟ್ಟಲು ಮಾರನೆಯ ದಿನವಾಗುತ್ತಿತ್ತು.

"ಬಣ್ಣ," ಎಂದಳು ವರದಿಯಮ್ಮ. ದನಿ ನಿದ್ದೆಯಲ್ಲಿದ್ದವಳದು.

ಉದ್ದಪ್ಪ ನೀರಿನತ್ತ ನೋಡಿದ. ಸೈಕಲ್ ಮಲಗಿಸಿ, ಮೂರು ಕಂತಿನಲ್ಲಿ ಬಗ್ಗಿ, ಜೇಬಿನಿಂದ ಕಾಗದದ ಚೂರು ತೆಗೆದು ನೀರಿಗೆ ತಾಗಿಸಿದ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಸಣ್ಣದಾಯಿತು.

"ಅಕ್ಕ, ಇದು ನಮ್ದು."

ಅವಳಿಗೆ ಆ ಮಾತು ಎಲ್ಲೋ ದೂರದಿಂದ ಬಂತು. ನಮ್ಮದು ಎಂದರೆ ಏನು ಎಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೂವತ್ತೊಂದು ವರ್ಷ ಅವಳು ಈ ಎಣ್ಣೆಯ ಒತ್ತಡ ಬರೆದಿದ್ದಳು, ಶಾಖ ಬರೆದಿದ್ದಳು, ಉದ್ದ ಅಗಲ ಬರೆದಿದ್ದಳು. ಅದು ಅವಳ ಕಾಲಡಿಯಲ್ಲೇ ಹಗಲು ರಾತ್ರಿ ಹರಿದಿತ್ತು. ಅದನ್ನು ಅವಳು ಕಣ್ಣಾರೆ ಕಂಡದ್ದು ಇದೇ ಮೊದಲು.

ಗಡಿಯಾರ ನೋಡಿದಳು. ಏಳೂ ಐವತ್ತು.

ಉದ್ದಪ್ಪ ಕೈ ರೇಡಿಯೋದಲ್ಲಿ ಪಂಪ್ ನಿಲ್ಲಿಸಲು ಹೇಳಿ, ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಐವತ್ತೆಂಟರ ಹೆಂಗಸು ಕ್ಯಾರಿಯರಿನ ಮೇಲೆ, ಚೀಲ ಎದೆಗವಚಿಕೊಂಡು, ಗುಂಡಿ ಬಂದಾಗಲೆಲ್ಲ ಅರ್ಧ ಮೊಳ ಆಕಾಶಕ್ಕೆ ಹೋಗಿ ಬರುತ್ತ.

"ಮೆಲ್ಲಗೆ ಕಣಯ್ಯ, ವರದಿ ಕೊಡೋಕೆ ನಾನು ಬದುಕಿರಬೇಕು."

"ಮೆಲ್ಲಗೆ ಹೋದ್ರೆ ತಡ ಆಗುತ್ತೆ ಅಕ್ಕ."

ಅವಳು ಲೆಕ್ಕ ಹಾಕಿದಳು. ಏಳೂ ಐದರಿಂದ ಒಂದು ಗಂಟೆ ಎಂದರೆ ಎಂಟೂ ಐದು. ತಾನು ಸೇತುವೆಯ ಮೇಲೆ ನಿಂತು ಆ ಗಂಟೆಯ ಮುಕ್ಕಾಲು ಭಾಗವನ್ನು ನೀರಿಗೆ ಬಿಟ್ಟಿದ್ದಾಳೆ ಎಂಬುದು ಉದ್ದಪ್ಪನಿಗೆ ಗೊತ್ತಿರಲಿಲ್ಲ.

ಸ್ಟೇಷನ್ ಮುಟ್ಟಿದಾಗ ಎಂಟೂ ಮೂರು. ಮೋಟಾರುಗಳು ನಿಂತಿದ್ದವು. ಆ ಗುಂಯ್ ಇಲ್ಲದೆ ಕೋಣೆಗಳು ಯಾರೋ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಂತೆ ಇದ್ದವು. ಮ್ಯಾನೇಜರು ಅವಳ ಮೇಜಿನ ಬಳಿಯೇ ಶತಪಥ ಹಾಕುತ್ತಿದ್ದ. ವರ್ಷದ ಹಿಂದೆ ಬಂದ ಹುಡುಗು ಮ್ಯಾನೇಜರು. ಮೀಸೆ ಬೆಳೆಯಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಫೋನು ಮಾಡುವುದು ವರದಿಯಮ್ಮನ ಕೆಲಸವೆಂದು ಅವಳಿಗಾಗಿ ಕಾದಿದ್ದ.

"ಒತ್ತಡ ಮಾಪಕದ ಸೂಜಿಗೂ ಗೊತ್ತಾಗದಷ್ಟು ಸಣ್ಣ ತೂತು ಮೇಡಂ. ರಾತ್ರಿಯೆಲ್ಲ ಮಣ್ಣೊಳಗೇ ಒಸರಿ, ಬೆಳಗಾದ ಮೇಲೆ ನೀರಿಗೆ ಇಳಿದಿರಬೇಕು. ಸದ್ಯಕ್ಕೆ ಸಾವಿರದ ನಾನೂರು ಲೀಟರ್ ಅಂತ ಬರ್ಕೊಳ್ಳಿ. ಕಂಡಿದ್ದು ಏಳೂ ಐವತ್ತಕ್ಕೆ, ಕಂಡೋನು ಉದ್ದಪ್ಪ."

"ಕಂಡಿದ್ದು ಏಳೂ ಐದಕ್ಕೆ ಸಾರ್. ನಾನು."

ಮ್ಯಾನೇಜರು ಕಣ್ಣು ಕಣ್ಣು ಬಿಟ್ಟ. "ಏಳೂ ಐದಕ್ಕೆ ಕಂಡು? ಇಷ್ಟೊತ್ತು?"

"ನೋಡ್ತಾ ನಿಂತಿದ್ದೆ."

"ಏನನ್ನ?"

"ಅದನ್ನೇ."

ಬಾಗಿಲ ಬಳಿ ನಿಂತಿದ್ದ ಉದ್ದಪ್ಪ ತನ್ನ ಚಪ್ಪಲಿಯನ್ನು ಅದು ಇವತ್ತೇ ಕಾಲಿಗೆ ಬಂದದ್ದು ಎಂಬಂತೆ ನೋಡಿಕೊಂಡ.

ಮ್ಯಾನೇಜರು ಕುರ್ಚಿ ಎಳೆದು ಅವಳ ಎದುರು ಕೂತು ದನಿ ಇಳಿಸಿದ. "ನೋಡಿ ಮೇಡಂ. ನೀವು ಕಂಡಿದ್ದು ಬಣ್ಣ. ಎಣ್ಣೆ ಅಂತ ಖಚಿತ ಮಾಡಿದ್ದು ಉದ್ದಪ್ಪ. ಅಲ್ಲೀತನಕ ಅದು ತೇವ. ನಮ್ಮಲ್ಲಿ ಯಾವತ್ತೂ ಹಂಗೇ ತಾನೆ? ನೀವೇ ನನಗೆ ಹೇಳಿಕೊಟ್ಟಿದ್ದು. ಏಳೂ ಐವತ್ತು ಅಂತ ಹೇಳಿದ್ರೆ ನಾವು ಟೈಮಲ್ಲಿದ್ದೀವಿ. ನಿಮ್ಮ ಹೆಸರೂ ಹಾಳಾಗಲ್ಲ, ಸ್ಟೇಷನ್ ಹೆಸರೂ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಷ್ಟವಾದದ್ದು ಅದೇ. ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಮೂವತ್ತೊಂದು ಚಿಕ್ಕ ಚೌಕಟ್ಟುಗಳು, ವರ್ಷಕ್ಕೊಂದು, 'ತಡವಿಲ್ಲ' ಎಂಬ ಮೇಲಿನ ಕಚೇರಿಯ ಚೀಟಿಗಳು. ಒಂದೊಂದರ ಹಿಂದೆಯೂ ಒಂದೊಂದು ಹಲ್ಲಿ ಸಂಸಾರ ಹೂಡಿತ್ತು. ಕಣ್ಣು ಮುಚ್ಚಿದರೆ ಇನ್ನೂ ನೇರಳೆ ಹೊರಳುತ್ತಿತ್ತು. ಅವಳು ಕಣ್ಣು ಮುಚ್ಚಿಯೇ ಫೋನಿಗೆ ಕೈ ಹಾಕಿದಳು. ಲೈನು ಮೂರು ಸಲ ಕೈಕೊಟ್ಟು, ನಾಲ್ಕನೆಯ ಸಲ ಸೂಚನಾ ಕೇಂದ್ರದ ಹೆಂಗಸು ಸಿಕ್ಕಾಗ ಎಂಟೂ ಹದಿನೇಳು.

ವರದಿಯಮ್ಮ ನಿಯಮದಂತೆ ಹೇಳಿಕೊಂಡು ಹೋದಳು. ಯಾವ ಲೈನು, ಯಾವ ಎಣ್ಣೆ, ಯಾವ ಕಾಲುವೆ, ಎಷ್ಟು ಲೀಟರ್, ಯಾರಿಗಾದರೂ ಪೆಟ್ಟಾಗಿದೆಯೇ.

"ಒಂದ್ನಿಮಿಷ ಅಮ್ಮ," ಎಂದಳು ಆಚೆಯವಳು. "ಆ ಕಾಲುವೆ ಕೆಳಗೆ ಪಟ್ಟಣದ ನೀರಿನ ಸ್ಥಾವರ ಇದೆ. ಅವರನ್ನೂ ಲೈನಿಗೆ ತರ್ತೀನಿ. ನೀವೇ ಹೇಳಿ."

ಟಕ್ ಎಂದು ಸದ್ದಾಗಿ ಒಂದು ಗಡಸು ಗಂಡು ದನಿ ಬಂತು. "ಹಲೋ, ನೀರಿನ ಸ್ಥಾವರ. ಎಣ್ಣೆ ಎಲ್ಲಿ ಕಂಡ್ರಿ?"

"ಕಾಲುಸೇತುವೆ ಹತ್ರ."

"ಅಲ್ಲಿಂದ ನನ್ನ ಗೇಟಿಗೆ ನಾಲ್ಕು ಕಿಲೋಮೀಟರ್. ನೀರು ಬರೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಈಗ ಬೆಳಗಿನ ನೀರು ಬಿಡೋ ಹೊತ್ತಮ್ಮ, ಊರೆಲ್ಲ ಸ್ನಾನಕ್ಕೆ ಕೂತಿದೆ. ಟೈಮ್ ಇದ್ರೆ ತೊಟ್ಟಿ ತುಂಬಿಸ್ಕೊಂಡು ಆಮೇಲೆ ಗೇಟ್ ಹಾಕ್ತೀನಿ. ಯಾವಾಗ ಕಂಡಿದ್ದು?"

ಮ್ಯಾನೇಜರು ಎದುರಿನಿಂದ ಒಂದು ಕೈಯ ಐದು ಬೆರಳು ಹತ್ತು ಸಲ ಮಡಚಿ ಬಿಡಿಸಿ ಐವತ್ತು ತೋರಿಸುತ್ತಿದ್ದ. ಎಷ್ಟು ವೇಗವಾಗಿ ಎಂದರೆ ಮೇಜಿನ ಮೇಲಿನ ಕಾಗದಗಳು ಹಾರಿದವು. ವರದಿಯಮ್ಮನ ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು. ಏಳೂ ಐವತ್ತಾದರೆ ಎಣ್ಣೆ ಗೇಟು ಮುಟ್ಟುವುದು ಒಂಬತ್ತೂ ಹತ್ತಕ್ಕೆ. ಆ ಮನುಷ್ಯ ನಿಶ್ಚಿಂತೆಯಿಂದ ತೊಟ್ಟಿ ತುಂಬಿಸುತ್ತ ಕೂರುತ್ತಾನೆ. ಏಳೂ ಐದಾದರೆ ಎಂಟೂ ಇಪ್ಪತ್ತೈದು. ಈಗ ಎಂಟೂ ಹತ್ತೊಂಬತ್ತು. ಅಷ್ಟು ಚೆಂದದ ಆ ಬಟ್ಟೆ ಊರಿನ ತೊಟ್ಟಿಯೊಳಗೆ ಮಡಿಕೆ ಬಿಚ್ಚಿಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು.

"ಏಳೂ ಐದಕ್ಕೆ," ಎಂದಳು. "ತುಂಬಿಸ್ಬೇಡಿ. ಈಗಲೇ ಹಾಕಿ."

ಗಡಸು ದನಿ ಏರಿತು. "ಏಳೂ ಐದಕ್ಕೆ ಕಂಡು ಈಗ ಹೇಳ್ತಿದೀರಾ?"

"ಹೌದು. ಆಮೇಲೆ ಬೈದ್ಕೊಳ್ಳಿ. ಮೊದಲು ಗೇಟು."

ಫೋನು ಇಡದೆಯೇ ಅವನು ಓಡಿದ ಸದ್ದು ಕೇಳಿಸಿತು. ಗೇಟು ಬಿದ್ದದ್ದು ಎಂಟೂ ಇಪ್ಪತ್ತೆರಡಕ್ಕೆ. ಬಣ್ಣದ ಮೊದಲ ಅಂಚು ಬಂದು ಗೇಟಿಗೆ ಮೂಗು ಉಜ್ಜಿದ್ದು ಎಂಟೂ ಇಪ್ಪತ್ತಾರಕ್ಕೆ. ತೊಟ್ಟಿಯೊಳಗೆ ಒಂದು ಹನಿ ಹೋಗಲಿಲ್ಲ. ಪಟ್ಟಣಕ್ಕೆ ಮಾತ್ರ ಎರಡು ದಿನ ನೀರು ಬರಲಿಲ್ಲ. ಮೈಗೆಲ್ಲ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದವರು ಸಾವಿರಾರು ಮಂದಿ. ಅವರಲ್ಲಿ ಕೆಲವರು ಇನ್ನೂ ಹಾಗೇ ನಿಂತಿದ್ದಾರೆ ಎಂದು ಕೇಳಿದ್ದೇನೆ.

ದರ್ಜಿಯೂ ಅವರಲ್ಲೊಬ್ಬ. ಸಂಜೆ ಅವಳು ಮನೆಗೆ ಬಂದಾಗ ಅವನ ಒಂದು ಕಿವಿ ಬೆಳ್ಳಗೆ ಒಣಗಿತ್ತು.

"ಯಾರೋ ಪುಣ್ಯಾತ್ಗಿತ್ತಿ ಫೋನ್ ಮಾಡಿ ನೀರು ನಿಲ್ಲಿಸಿದ್ಲಂತೆ."

"ನಾನೇ ರೀ."

"ಗೊತ್ತು. ಬೀದಿಯೆಲ್ಲ ನಿನ್ನೇ ಬೈತಾ ಇತ್ತು. ನಾನೂ ಸೇರ್ಕೊಂಡೆ, ಒಬ್ಬನೇ ಸುಮ್ನಿದ್ರೆ ಚೆನ್ನಾಗಿರಲ್ಲ ಅಂತ."

ಅವಳು ನಗಲಿಲ್ಲ. ಕೂತು, ನಡೆದದ್ದನ್ನೆಲ್ಲ ಹೇಳಿದಳು. ತೇವದ ಗುಟ್ಟನ್ನೂ ಹೇಳಿದಳು. ಮೂವತ್ತೊಂದು ಚೀಟಿಗಳಲ್ಲಿ ಮೂರಕ್ಕೆ ಮರ್ಯಾದೆ ಇಲ್ಲ ಎಂದಳು. ದರ್ಜಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದ. ಕೇಳಿ ಮುಗಿದ ಮೇಲೆ ಅವನು ಎತ್ತಿದ ಪ್ರಶ್ನೆ ಒಂದೇ.

"ಹೆಂಗಿತ್ತೇ ಅದು, ನೋಡೋಕೆ?"

ಅವಳಿಗೆ ಹೇಳಲು ಬರಲಿಲ್ಲ. ಅವನು ಎದ್ದು ಕಪಾಟಿನಿಂದ ತುಂಡು ಬಟ್ಟೆಗಳ ಗಂಟು ತಂದು ನೆಲದ ಮೇಲೆ ಸುರಿದ. ಕಿಟಕಿಯಿಂದ ಬರುತ್ತಿದ್ದ ಸಂಜೆ ಬೆಳಕಿಗೆ ಒಂದೊಂದೇ ಹಿಡಿದು ಅಲುಗಾಡಿಸಿದ. ನೇರಳೆ ಹಸಿರು ಕೂಡಿದ ರೇಷ್ಮೆ ಚೂರೊಂದು ಬಂದಾಗ ಅವಳು ಕೈ ಎತ್ತಿದಳು.

"ಇದಾ?"

"ಇದೇ ಥರ. ಇದಕ್ಕಿಂತ ತೆಳ್ಳಗೆ."

"ಇದಕ್ಕಿಂತ ತೆಳ್ಳಗೆ ಇದ್ರೆ ಕತ್ತರಿ ಕಚ್ಚಲ್ಲ ಕಣೇ."

"ಅದಕ್ಕೇ ನಿಂತ್ಬಿಟ್ಟೆ ರೀ."

ಬೆಳಕು ಹೋಗುವವರೆಗೂ ಇಬ್ಬರೂ ಆ ಚೂರುಗಳ ನಡುವೆ ಕೂತಿದ್ದರು. ಒಂದು ಕಿವಿಯ ಸೋಪನ್ನು ಅವಳೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ನಲವತ್ತೆಂಟು ಗಂಟೆಯ ಫೋನಿಗೆ ಮುಂಚೆ ಮ್ಯಾನೇಜರು ಮತ್ತೊಮ್ಮೆ ಬಂದ. ಸೋರಿದ್ದು ಎರಡು ಸಾವಿರದ ಮುನ್ನೂರು ಲೀಟರ್ ಎಂದು ಲೆಕ್ಕ ತಿದ್ದಬೇಕಿತ್ತು. "ಲೀಟರ್ ತಿದ್ದೋವಾಗ ಹಂಗೇ ಟೈಮೂ ತಿದ್ಬಹುದು ಮೇಡಂ. ಈಗ ಅಪಾಯ ಕಳೀತಲ್ಲ. ಯಾರಿಗೂ ತೊಂದರೆ ಇಲ್ಲ."

"ಲೀಟರು ಗೊತ್ತಿರಲಿಲ್ಲ, ತಿದ್ತೀನಿ. ಟೈಮು ಗೊತ್ತಿತ್ತು," ಎಂದಳು. ಅವತ್ತೇ ದಿನಚರಿಯ ಮೊದಲ ಪುಟದಲ್ಲಿ, ಇನ್ನು ಮುಂದೆ 'ತೇವ' ಎಂದು ಬರೆಯಬಾರದು, ಯಾರ ಕಣ್ಣಿಗೆ ಬಿದ್ದರೂ ಬಿದ್ದ ನಿಮಿಷವನ್ನೇ ಬರೆಯಬೇಕು ಎಂದು ಕೆಂಪು ಮಸಿಯಲ್ಲಿ ಬರೆದು, ಮ್ಯಾನೇಜರಿಂದಲೇ ಸಹಿ ಹಾಕಿಸಿದಳು. ಲೇಖನಿ ಕೆಮ್ಮಲಿಲ್ಲ.

ಒಂಬತ್ತನೆಯ ದಿನ ಬರಹದ ವರದಿ ಹೋಯಿತು. ಹನ್ನೆರಡನೆಯ ದಿನ ತನಿಖಾಧಿಕಾರಿ ಬಂದ. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಬೆಳಿಗ್ಗೆ ಗೇಟಿನಲ್ಲಿ ಸಹಿ ಮಾಡಿ, ಎರಡು ಖಾಲಿ ಸೀಸೆ ಹಿಡಿದು, ಸ್ಟೇಷನ್ನಿನ ಜೀಪಿನಲ್ಲಿ ಒಬ್ಬನೇ ಸೇತುವೆಗೆ ಹೋಗಿ ನೀರಿನ ಮಾದರಿ ತುಂಬಿಕೊಂಡು ಬಂದು, ವರದಿಯಮ್ಮನ ಎದುರು ಕೂತ. ಅವಳು ಕಳಿಸಿದ್ದ ವರದಿ ಅವನ ಕೈಯಲ್ಲಿತ್ತು.

"ಹನ್ನೆರಡು ನಿಮಿಷ ತಡ," ಎಂದ.

"ಹೌದು ಸಾರ್. ಅಲ್ಲೇ ಬರೆದಿದ್ದೀನಿ."

"ಬರೆದಿದ್ದೀರಿ. ತಡಕ್ಕೆ ಕಾರಣ ಅನ್ನೋ ಜಾಗದಲ್ಲಿ ಏನು ಬರೆದಿದ್ದೀರಿ, ಓದ್ಲಾ? 'ನೀರಿನ ಮೇಲಿನ ಬಣ್ಣ ಚೆನ್ನಾಗಿತ್ತು. ನಲವತ್ತೈದು ನಿಮಿಷ ನೋಡಿದೆ.' ಇದು ಕಾರಣನಾ?"

"ನಡೆದಿದ್ದು ಅದೇ."

"ಅಮ್ಮ, ನಮ್ಮ ಪಟ್ಟಿಯಲ್ಲಿ ಫೋನು ಕೆಟ್ಟಿತ್ತು ಅಂತ ಇದೆ. ರಸ್ತೆ ಇರಲಿಲ್ಲ ಅಂತ ಇದೆ. ಮೈ ಹುಷಾರಿರಲಿಲ್ಲ ಅಂತ ಇದೆ. ಯಾವುದಾದರೂ ಒಂದು ಆರಿಸ್ಕೊಳ್ಳಿ, ನಾನು ಹಾಕ್ಕೊಳ್ತೀನಿ. ಮೂವತ್ತು ವರ್ಷದ ಕೆಲಸದವರು, ಎಣ್ಣೆ ಸೋರ್ತಾ ಇದ್ರೆ ಬಣ್ಣ ನೋಡ್ಕೊಂಡು ನಿಂತಿದ್ರು ಅಂತ ಮೇಲಕ್ಕೆ ಕಳಿಸಿದ್ರೆ ನನ್ನನ್ನೇ ನೋಡಿ ನಗ್ತಾರೆ. ಯಾರಾದರೂ ಬುದ್ಧಿ ಇರೋರು ಅಷ್ಟು ಹೊತ್ತು ಕೊಳಕು ನೀರು ನೋಡ್ತಾರಾ?"

ಅಷ್ಟರಲ್ಲಿ ಕಾವಲುಗಾರ ಗೇಟಿನ ಪುಸ್ತಕ ತಂದು ಮೇಜಿನ ಮೇಲಿಟ್ಟ. ಬಂದವರು ಹೋದವರ ಸಮಯಕ್ಕೆ ಅವಳ ಸಹಿ ಬೇಕಿತ್ತು. ಅವಳು ಕನ್ನಡಕ ಏರಿಸಿ ಕೊನೆಯ ಸಾಲು ಓದಿದಳು. ಮತ್ತೊಮ್ಮೆ ಓದಿದಳು.

"ನಿಮ್ಮ ಜೀಪು ಹೋಗಿದ್ದು ಒಂಬತ್ತೂ ಹತ್ತಕ್ಕೆ ಸಾರ್. ವಾಪಸ್ ಬಂದಿದ್ದು ಹತ್ತೂ ಮೂವತ್ತೈದಕ್ಕೆ. ಹೋಗಿ ಬರೋಕೆ ಇಪ್ಪತ್ತು ನಿಮಿಷ. ಎರಡು ಸೀಸೆ ತುಂಬೋಕೆ ಐದು ನಿಮಿಷ ಅಂತ ಇಟ್ಕೊಳ್ಳೋಣ."

ತನಿಖಾಧಿಕಾರಿ ಅಂಗಿಯ ತೋಳು ಸರಿಮಾಡಿಕೊಂಡ. ಮುಖದ ಇಸ್ತ್ರಿ ಒಂದು ಕಡೆ ಸ್ವಲ್ಪ ಮುದುಡಿತು. "ಅಲ್ಲಿ ಜೊಂಡಿನ ಬುಡದಲ್ಲಿ ಇನ್ನೂ ಸ್ವಲ್ಪ ಉಳಿದಿದೆ," ಎಂದ. "ಬಿಸಿಲು ಓರೆಯಾಗಿ ಬಿದ್ದಾಗ ಅದು ಒಂಥರಾ..." ಅವನ ಕಣ್ಣು ಒಂದು ಗಳಿಗೆ ಅಲ್ಲೇ, ಜೊಂಡಿನ ಬುಡದಲ್ಲೇ ಇತ್ತು.

ವರದಿಯಮ್ಮ ಪುಸ್ತಕಕ್ಕೆ ಸಹಿ ಹಾಕಿ, ಸಮಯ ಬರೆದು, ಮುಚ್ಚಿದಳು.

"ನಂದು ನಲವತ್ತೈದು ನಿಮಿಷ, ವರದಿ ನಿಮ್ಮ ಕೈಯಲ್ಲಿದೆ. ನಿಮ್ಮದು ಒಂದು ಗಂಟೆ ಆಗಿದೆ ಸಾರ್, ವರದಿ ಇನ್ನೂ ಬಂದಿಲ್ಲ."